ತೂಕದ ಸಾಹೇಬರು ರೇಡಿಯೋ ಕೇಳಿದ ವಾರ

ಅವರು ಪೇಟೆಬೀದಿಗೆ ಕಾಲಿಟ್ಟರೆ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತವೆ ಎಂದು ಅಂಗಡಿಯವರು ಹೇಳುತ್ತಿದ್ದರು. ಆ ಮಾತಿನಲ್ಲಿ ಅರ್ಧ ಭಯ, ಅರ್ಧ ಗೇಲಿ. ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರಾದ ಅವರನ್ನು ಎಲ್ಲರೂ ಕರೆಯುತ್ತಿದ್ದುದು ತೂಕದ ಸಾಹೇಬರು ಎಂದೇ. ಕೈಯಲ್ಲೊಂದು ಮರದ ಪೆಟ್ಟಿಗೆ. ಅದರೊಳಗಿನ ಮಖಮಲ್ಲಿನ ಗುಳಿಗಳಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳು ಗೂಡಿನ ಮರಿಗಳಂತೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕೂತಿರುತ್ತಿದ್ದವು. ಸಾಹೇಬರು ಅವನ್ನು ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ. ಬೆರಳಿನ ಬೆವರಿಗೂ ತೂಕವಿದೆ ಎನ್ನುವುದು ಅವರ ನಂಬಿಕೆ.

ಸಿಕ್ಕಿಬಿದ್ದ ಅಂಗಡಿಯವನು ಕೊನೆಯ ಅಸ್ತ್ರವಾಗಿ ಒಂದು ಪ್ರಶ್ನೆ ಎಸೆಯುವುದಿತ್ತು. “ನನ್ನ ತಕ್ಕಡಿ ಇರ್ಲಿ ಸಾರ್, ನಿಮ್ಮ ಬಟ್ಟು ಸರಿ ಇದೆ ಅಂತ ಯಾರು ನೋಡಿದ್ರು?”

ಸಾಹೇಬರು ಕಾಯುತ್ತಿದ್ದುದೇ ಆ ಪ್ರಶ್ನೆಗೆ. ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದ ಪ್ರಮಾಣಪತ್ರವನ್ನು ತೋರಿಸಿ, “ಓದಿ, ಜೋರಾಗಿ ಓದಿ, ಗಿರಾಕಿಗಳಿಗೂ ಕೇಳ್ಲಿ” ಎನ್ನುತ್ತಿದ್ದರು. ಆಮೇಲೆ ತಪ್ಪಿತಸ್ಥ ತಕ್ಕಡಿಗೆ ತಿರಸ್ಕಾರದ ಮುದ್ರೆ ಬೀಳುತ್ತಿತ್ತು. ಆ ಠಪ್ ಎನ್ನುವ ಸದ್ದು ಅವರಿಗೆ ಊಟದ ನಂತರದ ತೇಗಿನಷ್ಟು ತೃಪ್ತಿ ಕೊಡುತ್ತಿತ್ತು.

ಇಂಥವರಿಗೆ ಮನೆಯಲ್ಲೊಂದು ಹುಚ್ಚು ಇತ್ತು, ಹಳೆಯ ರಾಕ್ ಸಂಗೀತದ್ದು. ಮುಂದಿನ ಕೋಣೆಯ ಒಂದು ಗೋಡೆಯ ತುಂಬ ಆಲ್ಬಂಗಳು. ಹೊದಿಕೆಗಳ ಮೇಲೆ ಉದ್ದಗೂದಲಿನ ಗಂಡಸರು, ಕೊಳದಲ್ಲಿ ಮುಳುಗುತ್ತಿರುವ ಸೈಕಲ್ಲು, ರೆಕ್ಕೆ ಬಂದ ಇಸ್ತ್ರಿಪೆಟ್ಟಿಗೆ. ಕಿಟಕಿಯ ಪಕ್ಕದಲ್ಲಿ ಮದುವೆಗೆ ಮುಂಚೆ ಕೊಂಡ ರೆಕಾರ್ಡ್ ಪ್ಲೇಯರ್. ಅದರ ಮೇಲಿನ ಮೊಳೆಯಲ್ಲಿ ಗಿಟಾರು. ಸಂಜೆ ಕಚೇರಿಯಿಂದ ಬಂದು ಮುಖ ತೊಳೆದು ಒಂದು ಆಲ್ಬಂ ಹಚ್ಚಿ ಕಣ್ಣು ಮುಚ್ಚಿದರೆ, ಆ ಕಠಿಣ ಮುಖ ಮಗುವಿನದಾಗುತ್ತಿತ್ತು. ಹಾಗೆ ಕಣ್ಣು ಮುಚ್ಚಿದವರನ್ನು ದೂರದಿಂದ ನೋಡಿದರೆ ಯಾರಿಗಾದರೂ ಪ್ರೀತಿ ಹುಟ್ಟಬೇಕು. ತೊಂದರೆಯೆಂದರೆ ಅವರು ಕಣ್ಣು ತೆರೆದ ಕೂಡಲೇ ಮಾತಾಡುತ್ತಿದ್ದರು.

“ನನ್ನ ಕಿವೀನೂ ಒಂದು ತಕ್ಕಡಿ. ಕೂದಲೆಳೆ ಅಷ್ಟು ಶ್ರುತಿ ಆಚೆ ಈಚೆ ಆದ್ರೂ ಮುಳ್ಳು ಅಲ್ಲಾಡುತ್ತೆ.”

ಅವರ ಹೆಂಡತಿ ಒಳಕೋಣೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತ ಅಡುಗೆಮನೆಯ ರೇಡಿಯೋ ಕೇಳುತ್ತಿದ್ದರು. ಅದರಲ್ಲೂ ಬರುತ್ತಿದ್ದುದು ಹಳೆಯ ರಾಕೇ. ಆದರೆ ಸಾಹೇಬರ ಪ್ರಕಾರ ರೇಡಿಯೋ ಎಂದರೆ ಚಿಲ್ಲರೆ ಅಂಗಡಿ, ಆಲ್ಬಂ ಎಂದರೆ ಮೂಲ ಗೋದಾಮು. ಹೆಂಡತಿಯ ಅಭಿಪ್ರಾಯ ಬೇರೆ. “ರೇಡಿಯೋದಲ್ಲಿ ಹಿತವಾಗಿರುತ್ತಪ್ಪ. ನಿಮ್ಮ ಪ್ಲೇಯರಲ್ಲಿ ಎಲ್ರೂ ಬಸ್ ತಪ್ಪಿಹೋಗ್ತಿದೆ ಅನ್ನೋ ಹಾಗೆ ಹಾಡ್ತಾರೆ.”

ಸಾಹೇಬರು ಇನ್ನೊಂದು ಆಲ್ಬಂ ಹಚ್ಚುತ್ತಿದ್ದರು. ದಾರ ಪೋಣಿಸುವವರ ಜೊತೆ ಶ್ರುತಿಯ ಮಾತು ಯಾಕೆ?

ಆ ಮನೆಯಲ್ಲಿ ಶ್ರುತಿಯ ಮಾತು ಆಡಲಾಗದಿದ್ದುದಕ್ಕೆ ಇನ್ನೊಂದು ಕಾರಣವೂ ಇತ್ತು. ಅದು ಹೆಂಡತಿಯ ತಮ್ಮ, ಹಿಂದಿನ ಬೀದಿಯಲ್ಲಿ ಡ್ರೈಕ್ಲೀನಿಂಗ್ ಅಂಗಡಿ ಇಟ್ಟವನು.

ಮದುವೆಯಾದ ಹೊಸತರಲ್ಲಿ ಸಾಹೇಬರಿನ್ನೂ ಗುಮಾಸ್ತ, ಭಾಮೈದ ಅದೇ ಅಂಗಡಿಯಲ್ಲಿ ಕೆಲಸದ ಹುಡುಗ. ಹಬೆಯ ಇಸ್ತ್ರಿಯ ಪಕ್ಕದಲ್ಲಿ ದಿನವಿಡೀ ರೇಡಿಯೋ ಹಾಡುತ್ತಿತ್ತು, ಹುಡುಗನೂ ಹಾಡುತ್ತಿದ್ದ. ಅವನ ಗಂಟಲು ಕೇಳಿ ಸಾಹೇಬರೇ ತಮ್ಮ ತಂಡಕ್ಕೆ ಸೇರಿಸಿಕೊಂಡರು. ತಾವು ಗಿಟಾರು, ಅವನು ಹಾಡು, ಡ್ರಮ್ಮಿಗೆ ಇನ್ನೊಬ್ಬ. ಪ್ಲೇಯರಿನಲ್ಲಿ ಆಲ್ಬಂ ಹಚ್ಚಿ, ಅದರ ಶ್ರುತಿಗೆ ಗಿಟಾರಿನ ತಂತಿ ಬಿಗಿದು, ಅದರ ಹಿಂದೆಯೇ ಹಾಡಿ ಅಭ್ಯಾಸ ಮಾಡಿದರು. “ಭಾವ, ಮೇಲಕ್ಕೆ ಹೋದಾಗ ಗಂಟಲು ಕಿತ್ತು ಬರುತ್ತೆ, ಅಂಗಡೀಲಿ ಹೀಗಾಗಲ್ಲ” ಎಂದು ಹುಡುಗ ಆಗಾಗ ಗೊಣಗುತ್ತಿದ್ದ. ಬಿಸಿನೀರು ಕುಡಿ ಎಂದು ಇವರು ಹೇಳುತ್ತಿದ್ದರು.

ಊರಿನ ಸಭಾಂಗಣದಲ್ಲಿ ಸ್ಪರ್ಧೆ. ಅವರು ಆರಿಸಿಕೊಂಡ ಹಾಡು ಮೊದಲು ಬರೀ ಗಂಟಲಿನಿಂದ ಶುರುವಾಗಿ, ಒಂದು ಚರಣ ಮುಗಿದ ಮೇಲೆ ಗಿಟಾರು ಸೇರುವಂಥದ್ದು. ವೇದಿಕೆಯ ಮೇಲೆ ಪ್ಲೇಯರ್ ಇರಲಿಲ್ಲ. ಹುಡುಗ ಕಣ್ಣು ಮುಚ್ಚಿ ತನ್ನೊಳಗಿದ್ದ ಶ್ರುತಿಯಲ್ಲಿ ಎತ್ತಿಕೊಂಡ. ಸಭೆ ಮುಂದಕ್ಕೆ ಬಾಗಿ ಕೇಳಿತು. ಆಮೇಲೆ ಗಿಟಾರು ಬಂತು; ಒಂದೇ ಚೌಕಟ್ಟಿಗೆ ಎರಡು ಬಾಗಿಲು ಬಡಿದಾಡಿದ ಹಾಗಾಯಿತು. ಜನ ನಕ್ಕರು. ಸಾಹೇಬರು ಬಾರಿಸುವುದನ್ನು ನಿಲ್ಲಿಸಿ ಮೈಕಿನ ಹತ್ತಿರ ಹೋಗಿ, “ಕ್ಷಮಿಸಿ, ನಮ್ಮ ಹುಡುಗಂಗೆ ಶ್ರುತಿ ನಿಲ್ಲಲ್ಲ, ಬೇಸೂರ” ಎಂದರು.

“ಭಾವ, ಗಿಟಾರೇ ಮೇಲಿದೆ” ಎಂದು ಹುಡುಗ ಮೆಲ್ಲಗೆ ಹೇಳಿದ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದರು ಸಾಹೇಬರು. ಅದೂ ಮೈಕಿನಲ್ಲೇ.

ಆವತ್ತಿನಿಂದ ಅವನ ಹೆಸರೇ ಬೇಸೂರ ಎಂದಾಯಿತು. ಮುಂದೆ ಅಂಗಡಿ ಅವನದೇ ಆಯಿತು, ತಲೆಯೂ ನರೆಯಿತು, ಫಲಕದ ಮೇಲೆ ಚೆಂದದ ಹೆಸರೊಂದನ್ನು ಬರೆಸಿದ. ಆದರೂ ಜನ ಹೇಳುವುದು “ಕೋಟು ಬೇಸೂರನ ಹತ್ರ ಕೊಟ್ಟಿದೀನಿ” ಎಂದೇ. ಅವನನ್ನು ಬೇಸೂರ ಎಂದು ಕರೆಯುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಅವನು ಒಮ್ಮೆ ಹಾಡಿದ್ದ ಎನ್ನುವುದೂ ಗೊತ್ತಿರಲಿಲ್ಲ. ಅವನು ಮತ್ತೆ ಹಾಡಲಿಲ್ಲ, ಅಕ್ಕನ ಮನೆಯ ಹೊಸ್ತಿಲು ತುಳಿಯಲಿಲ್ಲ. ಅಕ್ಕನೇ ಬೆಳಿಗ್ಗೆ ಅಂಗಡಿಗೆ ಹೋಗಿ, ಅಲ್ಲಿಗೆ ಬಂದ ಹರಿದ ಬಟ್ಟೆಗಳನ್ನು ಹೊಲಿಯಲು ತರುತ್ತಿದ್ದರು. ಇಬ್ಬರ ನಡುವಿನ ಮಾತೆಲ್ಲ ಹಬೆಯಲ್ಲೇ ಮುಗಿಯುತ್ತಿತ್ತು.

ಈಗ ವಿಷಯ ಏನೆಂದರೆ, ಬರುವ ಭಾನುವಾರ ಮಗಳು ತಾನು ಮದುವೆಯಾಗುವ ಹುಡುಗನನ್ನು ಊಟಕ್ಕೆ ಕರೆದುಕೊಂಡು ಬರುವವಳಿದ್ದಳು. ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸಾಗಿರುವ ಮಗಳು ಫೋನಿನಲ್ಲಿ ಕೇಳಿದ್ದು ಒಂದೇ ಮಾತು: “ಮಾವ ಬರ್ತಾನಾ?”

ಹೆಂಡತಿ ಹೋಗಿ ತಮ್ಮನನ್ನು ಕೇಳಿದರು. “ಆ ಮನೇಲಿ ನನ್ನನ್ನ ಏನಂತ ಕರೀತಾರೋ ಅದನ್ನ ಬಿಟ್ಟ ದಿನ ಬರ್ತೀನಿ ಅಕ್ಕ” ಎಂದ ಅವನು. ಬಂದು ಗಂಡನಿಗೆ ಹೇಳಿದರು. “ತಿರಸ್ಕಾರದ ಮುದ್ರೆ ಒಂದ್ಸಲ ಬಿದ್ಮೇಲೆ ಅಳಿಸೋಕೆ ಕಾನೂನಲ್ಲಿ ಅವಕಾಶ ಇಲ್ಲ” ಎಂದರು ಇವರು.  ಅಂದಿನಿಂದ ಒಳಕೋಣೆಯ ಹೊಲಿಗೆ ಯಂತ್ರದ ಸದ್ದು ಸ್ವಲ್ಪ ಜೋರಾಯಿತು.

ಸೋಮವಾರ ಬೆಳಿಗ್ಗೆ ಒಂದು ಉಗ್ರಾಣದಲ್ಲಿ ದೊಡ್ಡ ತಕ್ಕಡಿಯ ಪರೀಕ್ಷೆ ನಡೆಸುವಾಗ ಸಾಹೇಬರ ಬಲಗಾಲಿನ ಮೇಲೆ ಕಬ್ಬಿಣದ ಬಟ್ಟು ಬಿತ್ತು. ಇಲಾಖೆಯದೇ ಬಟ್ಟು. ತೂಕದಲ್ಲಿ ಒಂದು ಗುಂಜಿಯೂ ಕಡಿಮೆ ಇರಲಿಲ್ಲ. ಹೆಬ್ಬೆರಳಿನ ಮೂಳೆ ಬಿರುಕು ಬಿಟ್ಟಿತು. ಒಂದು ವಾರ ಕಾಲು ಊರಬೇಡಿ ಎಂದರು ವೈದ್ಯರು. ಪೇಟೆಯಲ್ಲಿ ಯಾರೂ ಬಹಿರಂಗವಾಗಿ ನಗಲಿಲ್ಲ, ಅಷ್ಟು ಮರ್ಯಾದೆ ಉಳಿದಿತ್ತು.

ಹೀಗೆ ಸಾಹೇಬರು ಮುಂದಿನ ಕೋಣೆಯ ಕುರ್ಚಿಯಲ್ಲಿ, ಕಾಲು ದಿಂಬಿನ ಮೇಲೆ, ಎದುರಿಗೆ ಆಲ್ಬಂಗಳ ಗೋಡೆ. ಬೇಸರ ಕಳೆಯಲಿ ಎಂದು ಹೆಂಡತಿ ರೇಡಿಯೋವನ್ನೂ ತಂದು ಪಕ್ಕದಲ್ಲಿಟ್ಟರು. ಆ ವಾರ ನಿಲಯದವರು ಪ್ರತಿ ಮಧ್ಯಾಹ್ನ ಒಂದು ಹಳೆಯ ಆಲ್ಬಮ್ಮನ್ನು ಪೂರ್ತಿಯಾಗಿ ಕೇಳಿಸುವವರಿದ್ದರು. ನಿರೂಪಕಿ ಜೇನು ಹಚ್ಚಿದ ದನಿಯಲ್ಲಿ ಆ ದಿನದ ಆಲ್ಬಮ್ಮಿನ ಹೆಸರು ಹೇಳಿದಳು. ಅದು ಮುಳುಗುವ ಸೈಕಲ್ಲಿನದು. ಸಾಹೇಬರ ಬಳಿ ಇತ್ತು.

“ನೋಡೇಬಿಡೋಣ” ಎಂದರು ಅವರು. ರೇಡಿಯೋದಲ್ಲಿ ಮೊದಲ ಹಾಡು ಶುರುವಾಗುವ ಗಳಿಗೆಗೇ ತಮ್ಮ ತಟ್ಟೆಯ ಮೇಲೂ ಮುಳ್ಳು ಇಳಿಸಿದರು. ಎರಡನ್ನೂ ಒಟ್ಟಿಗೆ ತೂಗುವ ಆಸೆ. ಮೊದಲ ಸಾಲಿಗೇ ಕಿವಿ ಸಿಡಿಯುವಂತಾಯಿತು. ಎರಡೂ ಪರಿಚಯದವರೇ, ಆದರೆ ಜಗಳವಾಡಿಕೊಂಡ ಪರಿಚಯದವರು. ಪ್ಲೇಯರಿನ ದನಿ ತಗ್ಗಿಸಿ, ರೇಡಿಯೋದ ದನಿ ತಗ್ಗಿಸಿ, ಒಂದಾದ ಮೇಲೊಂದು ಆಲಿಸಿದರು. ಹಾಡುಗಾರ ರೇಡಿಯೋದಲ್ಲಿ ಒಂದು ಮೆಟ್ಟಿಲು ಕೆಳಗೆ ನಿಂತಿದ್ದ. ತಟ್ಟೆಯ ಒಂದು ಮಗ್ಗುಲು ಮುಗಿದಾಗ ರೇಡಿಯೋದ ತಂಡ ಇನ್ನೂ ಆ ಮಗ್ಗುಲಿನ ಕೊನೆಯ ಹಾಡಿನ ಮಧ್ಯೆ ತೆವಳುತ್ತಿತ್ತು.

ಸಾಹೇಬರು ಹೆಂಡತಿಯನ್ನು ಕರೆದರು. “ಗೊತ್ತಾಯ್ತಾ? ಹಾಡಿಗೆ ನೀರು ಬೆರೆಸ್ತಿದಾರೆ.”

“ಹಾಡಿಗೆ ಹೇಗ್ರೀ ನೀರು?”

“ನಿಧಾನ ಓಡಿಸೋದು. ಹತ್ತು ಹಾಡಿನ ಜಾಗಕ್ಕೆ ಒಂಬತ್ತೇ ಸಾಕಾಗುತ್ತಲ್ಲ. ಹಾಲಿನವನ ಬುದ್ಧಿ.”

“ಅದ್ರಿಂದ ಅವ್ರಿಗೇನು ಲಾಭ?”

“ಲಾಭ ಇಲ್ದೆ ಯಾರೂ ಮೋಸ ಮಾಡಲ್ಲ ಕಣೇ. ಮೋಸ ಇದೆ ಅಂದ್ಮೇಲೆ ಲಾಭಾನೂ ಇರ್ಲೇಬೇಕು.”

ಇಂಥ ತರ್ಕದಿಂದ ಅವರು ಎಷ್ಟೋ ಅಂಗಡಿಗಳಿಗೆ ಬೀಗ ಹಾಕಿಸಿದ್ದರು.

ಮರುದಿನದ ಆಲ್ಬಮ್ಮಿಗೂ ಅದೇ ಕತೆ, ಅದರ ಮರುದಿನವೂ ಅದೇ. ರೆಕ್ಕೆಯ ಇಸ್ತ್ರಿಪೆಟ್ಟಿಗೆಯ ಆಲ್ಬಮ್ಮಿನಲ್ಲಿ ಒಂದು ದೀರ್ಘ ಗಿಟಾರಿನ ಭಾಗವಿದೆ. ಸಾಹೇಬರಿಗೆ ಅದು ಸಂಜೆಗಾಳಿಗೆ ಒಮ್ಮೆಲೇ ಮೇಲೆದ್ದ ಹಕ್ಕಿಹಿಂಡಿನ ಹಾಗೆ. ರೇಡಿಯೋದಲ್ಲಿ ಅದೇ ಹಕ್ಕಿಗಳು ಊಟ ಜಾಸ್ತಿಯಾಗಿ ಹಾರುತ್ತಿದ್ದವು. ಅವರಿಗೆ ನಿಜಕ್ಕೂ ನೋವಾಯಿತು. ತಾವು ಪ್ರೀತಿಸಿದ್ದನ್ನು ಯಾರೋ ಕದ್ದು ಕಲಬೆರಕೆ ಮಾಡಿ ಊರಿಗೆಲ್ಲ ಹಂಚುತ್ತಿದ್ದಾರೆ ಎನ್ನುವ ನೋವು. ಗುರುವಾರ ಅವರು ನಿಲಯಕ್ಕೆ ಫೋನ್ ಮಾಡಿದರು. ಕೇಳುಗರ ಕರೆಗಳ ಹೊತ್ತು ಅದು, ಮಾತು ನೇರವಾಗಿ ಊರಿಗೆಲ್ಲ ಕೇಳಿಸುತ್ತಿತ್ತು. ಸಾಹೇಬರಿಗೆ ಅದೂ ಬೇಕಾಗಿತ್ತು.

“ಹೇಳಿ ಸರ್, ಯಾವ ಹಾಡು ಇಷ್ಟ ಆಯ್ತು?” ಎಂದಳು ನಿರೂಪಕಿ.

“ಇಷ್ಟದ ಮಾತಲ್ಲಮ್ಮ, ಅಳತೆಯ ಮಾತು. ನೀವು ಹಾಡುಗಳನ್ನ ಬೇಕಂತಲೇ ನಿಧಾನವಾಗಿ ಓಡಿಸ್ತಿದೀರಿ. ನಾನು ಇಲಾಖೆಯವನು. ಪ್ರಕರಣ ದಾಖಲು ಮಾಡೋ ಅಧಿಕಾರ ಇದೆ.”

“ಓ.” ಅವಳು ಜೇನಿನ ದನಿಯನ್ನು ಬದಲಿಸಲಿಲ್ಲ. “ನಿಧಾನ ಅಂತ ಹೇಗೆ ಗೊತ್ತಾಯ್ತು ಸರ್?”

“ನನ್ನ ಪ್ಲೇಯರ್ ಜೊತೆ ಹೋಲಿಸಿ ನೋಡಿದೀನಿ. ಮೂರು ದಿನ.”

“ಸರಿ ಸರ್. ನಿಮ್ಮ ಪ್ಲೇಯರ್ ಸರಿ ಇದೆ ಅಂತ ಯಾರು ನೋಡಿದ್ರು?”

ಸಾಹೇಬರ ಎಡಗೈ ಅಭ್ಯಾಸಬಲದಿಂದ ಪೆಟ್ಟಿಗೆಯ ಮುಚ್ಚಳಕ್ಕಾಗಿ ತಡಕಾಡಿತು. ಅಲ್ಲಿ ಕುರ್ಚಿಯ ತೋಳು ಮಾತ್ರ ಇತ್ತು.

“ಹಲೋ? ಸರ್ ಲೈನಲ್ಲಿ ಇದೀರಾ? ಸರಿ, ಸರ್ ಯೋಚನೆ ಮಾಡ್ತಿದಾರೆ. ಅಷ್ಟರಲ್ಲಿ ನಾವು ಒಂದು ಹಾಡು ಕೇಳೋಣ, ನಿಧಾನವಾಗಿ.”

ಆ ಮಧ್ಯಾಹ್ನ ಪೇಟೆಬೀದಿಯ ಎಷ್ಟು ಅಂಗಡಿಗಳಲ್ಲಿ ರೇಡಿಯೋ ಹಚ್ಚಿತ್ತೋ ದೇವರಿಗೇ ಗೊತ್ತು.

ಶುಕ್ರವಾರ ಹೆಂಡತಿ ಅಂಗಡಿಗೆ ಹೋದ ಮೇಲೆ ಸಾಹೇಬರು ಕುಂಟುತ್ತ ಬಾಗಿಲ ಚಿಲಕ ಹಾಕಿ ಬಂದರು. ಪ್ಲೇಯರಿನ ತಟ್ಟೆಯ ಅಂಚಿಗೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಕಚೇರಿಯ ಸ್ಟಾಪ್‌ವಾಚ್ ಹಿಡಿದು, ನಿಮಿಷಕ್ಕೆ ಎಷ್ಟು ಸುತ್ತು ಎಂದು ಎಣಿಸಿದರು. ಇರಬೇಕಾದ್ದು ಮೂವತ್ತಮೂರರ ಮೇಲೆ ಸ್ವಲ್ಪ. ಬಂದದ್ದು ಮೂವತ್ತೈದು. ಗಡಿಯಾರವೇ ಕೆಟ್ಟಿರಬೇಕು ಎಂದು ಗೋಡೆಯ ಗಡಿಯಾರ ನೋಡಿ ಎಣಿಸಿದರು. ಮತ್ತೆ ಮೂವತ್ತೈದು. ಇಂಥ ತಕ್ಕಡಿಯನ್ನು ಅಂಗಡಿಯಲ್ಲಿ ಕಂಡಿದ್ದರೆ ಮಾಲೀಕ ಮಾತಾಡುವ ಮೊದಲೇ ಠಪ್ ಎನ್ನುತ್ತಿತ್ತು.

ತಟ್ಟೆ ಎತ್ತಿ ಒಳಗೆ ನೋಡಿದರು. ಮೋಟಾರಿನ ಪುಟ್ಟ ಗಾಲಿಯ ಸುತ್ತ, ರಬ್ಬರ್ ಪಟ್ಟಿ ಹಾದುಹೋಗುವಲ್ಲಿ, ಜೇನುಬಣ್ಣಕ್ಕೆ ತಿರುಗಿದ ಅಂಟುಟೇಪು ಎರಡು ಸುತ್ತು ಸುತ್ತಿಕೊಂಡಿತ್ತು. ನೋಡಿದ ಕೂಡಲೇ ಕೈಗೆ ನೆನಪಾಯಿತು. ಕೊಂಡ ಹೊಸತರಲ್ಲಿ ಪಟ್ಟಿ ಜಾರುತ್ತದೆ ಎಂದು ತಾವೇ ಸುತ್ತಿದ್ದ ಟೇಪು. ಪಟ್ಟಿ ಜಾರುವುದು ನಿಂತಿತ್ತು. ಗಾಲಿ ಕೂದಲೆಳೆಯಷ್ಟು ದಪ್ಪವಾದರೆ ತಟ್ಟೆ ಅಷ್ಟೇ ಬೇಗ ಓಡುತ್ತದೆ ಎನ್ನುವುದು, ಬೆರಳಿನ ಬೆವರನ್ನೂ ತೂಗುವವರ ತಲೆಗೆ ಆಗ ಹೊಳೆದಿರಲಿಲ್ಲ. ಆ ತಟ್ಟೆಗೆ ಗಿಟಾರು ಹೊಂದಿಸಿದ್ದರು. ಆ ಗಿಟಾರಿಗೆ ಮನುಷ್ಯನನ್ನು ಹೊಂದಿಸಲು ಹೋಗಿದ್ದರು. ಅವನು ಅಂಗಡಿಯ ರೇಡಿಯೋದಲ್ಲಿ ಕೇಳಿದ್ದನ್ನು ಕೇಳಿದ ಹಾಗೆಯೇ ಹಾಡಿದ್ದ. ನೆಲ ನಿಜಕ್ಕೂ ಡೊಂಕಾಗಿತ್ತು.

ಉಗುರಿನಿಂದ ಟೇಪು ಕಿತ್ತು, ಗಾಲಿ ಒರೆಸಿ, ಇಸ್ತ್ರಿಪೆಟ್ಟಿಗೆಯ ಆಲ್ಬಂ ಹಚ್ಚಿದರು. ಹಕ್ಕಿಗಳು ಮೇಲೇಳಲಿಲ್ಲ. ಊಟ ಜಾಸ್ತಿಯಾದ ಅದೇ ಹಕ್ಕಿಗಳು. ಯೌವನದಲ್ಲಿ ಪ್ರೀತಿಸಿದವಳ ನಿಜವಾದ ದನಿ ಇದು, ನೀನು ಕೇಳಿದ್ದು ಅವಳು ಓಡಿ ಬಂದು ಏದುಸಿರಿನಲ್ಲಿ ಆಡಿದ ಮಾತು ಎಂದು ಯಾರೋ ಹೇಳಿದ ಹಾಗಿತ್ತು. ಗೋಡೆಯ ತುಂಬ ಇದ್ದ ಆಲ್ಬಂಗಳಲ್ಲಿ ಅವರು ಪ್ರೀತಿಸಿದ ಆಲ್ಬಂ ಒಂದೂ ಇರಲಿಲ್ಲ. ಟೇಪಿನ ಸುರುಳಿ ಇನ್ನೂ ಬೆರಳಿಗೆ ಅಂಟಿಕೊಂಡಿತ್ತು. ಮತ್ತೆ ಸುತ್ತಿ ತಟ್ಟೆ ಮುಚ್ಚಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಂಗಡಿಯವರು ಇಂಥ ಗಳಿಗೆಯಲ್ಲಿ ಏನು ಮಾಡುತ್ತಾರೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರೂ ಒಮ್ಮೆ ತಟ್ಟೆ ಎತ್ತಿದರು.

ಬಾಗಿಲು ಬಡಿದ ಸದ್ದಾಯಿತು. ಕುಂಟುತ್ತ ಹೋಗಿ ತೆಗೆದರೆ, ಹೆಂಡತಿ ಬಟ್ಟೆಯ ಚೀಲ ಹೊತ್ತು ನಿಂತಿದ್ದರು.

“ಹಗಲಲ್ಲಿ ಚಿಲಕ ಯಾಕೆ? ಬೆರಳಿಗೆ ಏನದು?”

“ಟೇಪು.”

“ಎಲ್ಲಿತ್ತು?”

ಸಾಹೇಬರು ಹೇಳಿದರು. ಅರ್ಧಕ್ಕೇ ಹೆಂಡತಿ ಚೀಲ ಕೆಳಗಿಟ್ಟು ಪಕ್ಕದ ಸ್ಟೂಲಿನ ಮೇಲೆ ಕೂತರು. ಪೂರ್ತಿ ಕೇಳಿ, ಸೆರಗಿಗೆ ಅಂಟಿದ್ದ ದಾರದ ಎಳೆಯೊಂದನ್ನು ಬಿಡಿಸಿಕೊಂಡರು.

“ಅಂದ್ರೆ ಅವ್ನು ಸರಿಯಾಗಿ ಹಾಡಿದ್ದ.”

“ನಿಗದಿತ ಪ್ರಮಾಣಕ್ಕೆ ಹೋಲಿಸಿದ್ರೆ, ಆ ಸಂದರ್ಭದಲ್ಲಿ, ಅವನ ಕಡೆಯಿಂದ ಗಣನೀಯ ವ್ಯತ್ಯಾಸ...”

“ಪ್ರಮಾಣ ಗಿಮಾಣ ಬೇಡ. ಸರಿಯಾಗಿ ಹಾಡಿದ್ನಾ ಇಲ್ವಾ?”

“ಹಾಡಿದ್ದ.”

“ಹಾಗಾದ್ರೆ ಹೋಗಿ ಹೇಳಿ.”

“ಕಾಲು ಊರಬಾರ್ದು ಅಂದಿದಾರೆ.”

“ಕಾಲಲ್ಲಿ ಹೇಳ್ಬೇಡಿ, ಬಾಯಲ್ಲಿ ಹೇಳಿ.”

ಶನಿವಾರ ಅವರು ಕೋಲೂರಿಕೊಂಡು ಹಿಂದಿನ ಬೀದಿಗೆ ಹೋದರು. ಅಂಗಡಿಯೊಳಗೆ ಹಬೆ, ತೂಗುಹಾಕಿದ ಕೋಟುಗಳ ಕಾಡು, ಅದರ ಮಧ್ಯೆ ಭಾಮೈದ ಒಂದು ಪ್ಯಾಂಟಿಗೆ ಗೆರೆ ಹಾಕುತ್ತಿದ್ದ. ಕಟ್ಟೆಯ ಈಚೆ ಒಬ್ಬ ಹೆಂಗಸು ಚೀಟಿ ಹಿಡಿದು ಕಾಯುತ್ತಿದ್ದಳು. ಸಾಹೇಬರನ್ನು ಕಂಡು ಭಾಮೈದನ ಕೈ ಒಂದು ಕ್ಷಣ ನಿಂತು ಮತ್ತೆ ನಡೆಯಿತು.

“ನಮ್ಮನೆ ರೆಕಾರ್ಡ್ ಪ್ಲೇಯರಿನ ತಪಾಸಣೆ ಆಯ್ತು” ಎಂದರು ಸಾಹೇಬರು. “ಫೇಲಾಯ್ತು.”

“ಅದಕ್ಕೆ ನಾನೇನ್ ಮಾಡ್ಲಿ? ಡ್ರೈಕ್ಲೀನ್ ಮಾಡ್ಕೊಡ್ಲಾ?”

“ಬೇಗ ಓಡ್ತಿತ್ತು. ಮೊದಲಿಂದ್ಲೂ. ಗಿಟಾರು ಮೇಲಿತ್ತು.”

ಇಸ್ತ್ರಿಯಿಂದ ಹಬೆ ಸುಯ್ಯೆಂದು ಹೊರಟಿತು. ಭಾಮೈದ ಪ್ಯಾಂಟನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. “ನಾನು ಆವತ್ತೇ ಹೇಳಿದ್ದೆ.”

“ಹೇಳಿದ್ದೆ.”

“ಈಗ ಮೆಲ್ಲಗೆ ಕಿವೀಲಿ ಹೇಳ್ತಿದೀರಿ ಭಾವ. ಆವತ್ತು ಮೈಕಲ್ಲಿ ಹೇಳಿದ್ರಿ.”

ಸಾಹೇಬರು ಸುತ್ತ ನೋಡಿದರು. ಮೈಕು ಇರಲಿಲ್ಲ. ಚೀಟಿ ಹಿಡಿದ ಹೆಂಗಸು ಇದ್ದಳು, ಹೊರಗೆ ಬೀದಿಯಲ್ಲಿ ಸೈಕಲ್ ನಿಲ್ಲಿಸಿದ ಇಬ್ಬರಿದ್ದರು. ಅವರು ಹೆಂಗಸಿನ ಕಡೆ ತಿರುಗಿ, ಅಂಗಡಿಗಳಲ್ಲಿ ತೀರ್ಪು ಓದುವ ದನಿಯಲ್ಲಿ, “ಇವನು ಬೇಸೂರ ಅಲ್ಲ” ಎಂದರು.

“ಯಾರು, ಬೇಸೂರನಾ?” ಎಂದಳು ಅವಳು.

“ಹೌದು. ಬೇಸೂರ ಬೇಸೂರ ಅಲ್ಲ.”

“ನನ್ನ ಕೋಟು ಆಗಿದ್ಯಾ ಮೊದ್ಲು ಕೇಳಿ” ಎಂದಳು ಅವಳು. ಹೊರಗಿನ ಇಬ್ಬರು ನಕ್ಕರು. ಸಾಹೇಬರ ಕಿವಿ ಕೆಂಪಾಯಿತು. ಭಾಮೈದ ಕೋಟುಗಳ ಕಾಡಿನೊಳಗೆ ಹೋಗಿ ತುಂಬ ಹೊತ್ತು ಹುಡುಕಿದ. ಅವಳ ಕೋಟು ಮೊದಲ ಸಾಲಿನಲ್ಲೇ ಇತ್ತು.

ಹೊರಬಂದಾಗ ಅವನ ಕಣ್ಣಿನ ಸುತ್ತ ಒದ್ದೆ. ಹಬೆಯ ಅಂಗಡಿಯಲ್ಲಿ ಅದನ್ನು ಯಾರು ಕೇಳುತ್ತಾರೆ? “ನಾಳೆ ಎಷ್ಟೊತ್ತಿಗೆ ಊಟ?” ಎಂದ. ಆಮೇಲೆ ಭಾವನ ಅಂಗಿ ನೋಡಿ, “ಇದನ್ನ ಹಾಕ್ಕೊಂಡು ಅಳಿಯನ ಮುಂದೆ ಕೂರ್ಬೇಡಿ, ಬಿಚ್ಚಿಕೊಡಿ” ಎಂದ. ಸಾಹೇಬರು ಬನಿಯನ್ನಿನಲ್ಲಿ ಮನೆಗೆ ಬಂದರು.

ಭಾನುವಾರ ಊಟವಾಯಿತು. ಸೋದರಮಾವ ಮತ್ತು ಸೊಸೆ ಒಬ್ಬರ ಮಾತು ಒಬ್ಬರು ಕಿತ್ತುಕೊಂಡು ಆಡಿದರು. ಅಳಿಯನಾಗುವವನು ಆಲ್ಬಂಗಳ ಗೋಡೆಯ ಮುಂದೆ ನಿಂತು ಮೆಚ್ಚಿಕೊಂಡ. ಸಾಹೇಬರು ಅವನಿಗೆ ಏನೂ ವಿವರಿಸಲಿಲ್ಲ. ಮಗಳು ಅಪ್ಪನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು.

“ಮಾವ, ಒಂದು ಹಾಡು” ಎಂದಳು ಆಮೇಲೆ.

“ಮೊದ್ಲು ಗಿಟಾರು ಸರಿ ಮಾಡ್ಕೊಳ್ಲಿ ನಿಮ್ಮಪ್ಪ.”

“ಮಾಡಿದೀನಿ” ಎಂದರು ಸಾಹೇಬರು. ಬೆಳಿಗ್ಗೆಯೇ, ಟೇಪಿಲ್ಲದ ಪ್ಲೇಯರಿಗೆ, ಆರೂ ತಂತಿಗಳನ್ನು ಕೂದಲೆಳೆ ಬಿಡದೆ ಹೊಂದಿಸಿದ್ದರು.

ಭಾಮೈದ ಕಣ್ಣು ಮುಚ್ಚಿದ. ಅದೇ ಹಾಡು, ಮೊದಲು ಬರೀ ಗಂಟಲು. ಇಷ್ಟು ವರ್ಷ ಬಳಸದ ದನಿ, ಮಡಿಸಿಟ್ಟ ಬಟ್ಟೆಯ ಹಾಗೆ ಮಡಿಕೆಗಳಲ್ಲಿ ಸವೆದಿತ್ತು. ಸಾಹೇಬರು ಗಿಟಾರಿನ ಮರಕ್ಕೆ ಕಿವಿಯಾನಿಸಿ ಒಂದು ತಂತಿಯನ್ನು ಯಾರಿಗೂ ಕೇಳದಷ್ಟು ಮೆಲ್ಲಗೆ ಮೀಟಿ ನೋಡಿದರು. ದನಿ ತಂತಿಗಿಂತ ಕೆಳಗಿತ್ತು. ಹೆಚ್ಚಲ್ಲ, ಆದರೆ ಗಿಟಾರು ಸೇರಿದರೆ ಬಾಗಿಲುಗಳು ಬಡಿಯುವಷ್ಟು. ಅವನು ಇಳಿದಿದ್ದಾನೋ, ಜೀವಮಾನವಿಡೀ ಮೇಲಿನ ಶ್ರುತಿ ಕೇಳಿದ ತಮ್ಮ ಕಿವಿಗೆ ಹಾಗೆ ಕೇಳುತ್ತಿದೆಯೋ, ಹೇಳುವುದಕ್ಕೆ ಅವರ ಬಳಿ ಯಾವ ಪ್ರಮಾಣಪತ್ರವೂ ಇರಲಿಲ್ಲ. ಚರಣ ಮುಗಿಯಲು ಇನ್ನೆರಡು ಸಾಲು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದರು.

ಸಾಹೇಬರು ಬಿರಡೆಗೆ ಕೈ ಹಾಕಿದರು. ಹಾಡುಗಾರನ ಮುಖ ನೋಡುತ್ತ ಒಂದು ತಂತಿ ಸಡಿಲಿಸಿದರು, ಆಮೇಲೆ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು. ಅಷ್ಟಕ್ಕೇ ಹೊತ್ತು ಸಾಕಾಯಿತು. ಉಳಿದ ಮೂರನ್ನು ಮುಟ್ಟದೆ, ಇಳಿಸಿದ ಮೂರರ ಮೇಲೇ ಬಾರಿಸಿದರು. ಹಾಡು ಸರಾಗವಾಗಿ ಒಳಗೆ ಬಂತು.

ಮುಗಿದಾಗ ಮಗಳು ಮಾವನ ತೋಳಿಗೆ ಒರಗಿದ್ದಳು. “ಪರವಾಗಿಲ್ಲ ಭಾವ” ಎಂದ ಭಾಮೈದ, “ಈ ಸಲ ಗಿಟಾರು ಸರಿಯಾಗಿತ್ತು.”

“ಹ್ಞೂಂ” ಎಂದರು ಸಾಹೇಬರು.

ಊಟದ ತಟ್ಟೆ ಎತ್ತಲು ಬಂದ ಹೆಂಡತಿ ಪಕ್ಕದಲ್ಲಿ ಬಗ್ಗಿ ತಗ್ಗಿದ ದನಿಯಲ್ಲಿ ಕೇಳಿದರು. “ಎಷ್ಟು ಇಳಿಸಿದ್ರಿ?”

“ನೋಡ್ಲಿಲ್ಲ” ಎಂದರು ಅವರು.